ಏಜೆನ್ಸಿಗೆ ಅಪ್ಲೈ ಮಾಡೋಕೆ ಫಾರ್ಮ್, ಓಪನ್ ಕಾಲ್, ಡಿಎಂ: ಮೂರೂ ಮಾಡಿ ನೋಡಿದೆ

ಒಂದು ವರ್ಷದಲ್ಲಿ ಹನ್ನೊಂದು ಮಾಡೆಲಿಂಗ್ ಏಜೆನ್ಸಿ ಬಾಗಿಲು ತಟ್ಟಿದೀನಿ. ಏಳು ಕಡೆ ವೆಬ್‌ಸೈಟ್ ಫಾರ್ಮ್, ಎರಡು ಕಡೆ ಓಪನ್ ಕಾಲ್ (ಯಾರು ಬೇಕಾದ್ರೂ ನೇರವಾಗಿ ಹೋಗಿ ಮುಖ ತೋರಿಸೋ ದಿನ), ಇನ್ನೆರಡು ಕಡೆ ಇನ್‌ಸ್ಟಾಗ್ರಾಂ ಡಿಎಂ. ನನ್ನ ಹೈಟ್ 5 ಅಡಿ 7 ಇಂಚು, ಫ್ಯಾಷನ್ನಿಗೆ ಹುಡುಗೀರಾದ್ರೆ ಸಾಮಾನ್ಯವಾಗಿ 5 ಅಡಿ 8ರಿಂದ ಮೇಲೆ ಕೇಳ್ತಾರೆ, ಅಂದ್ರೆ ಶುರುವಲ್ಲೇ ಒಂದಿಂಚು ಸಾಲ. ಸೂಪರ್ ಮಾಡೆಲ್ ಕೇಟ್ ಮಾಸ್ ಕೂಡ 170 ಸೆಂ.ಮೀ., ನಿನ್ನಷ್ಟೇ ಅಲ್ವಾ ಅಂತ ಗೆಳತೀರು ಸಮಾಧಾನ ಮಾಡ್ತಾರೆ, ಆದ್ರೆ 1988ರಲ್ಲಿ ಅವಳನ್ನ ಏಜೆನ್ಸಿಯವರೇ ಏರ್‌ಪೋರ್ಟಲ್ಲಿ ನೋಡಿ ಕರೆದಿದ್ದು ಕಣ್ರೀ, ಅವಳೇನು ಫಾರ್ಮಲ್ಲಿ ಹೈಟ್ ತುಂಬಿ ಕಾಯ್ತಾ ಕೂತಿರ್ಲಿಲ್ಲ.

ಫಾರ್ಮ್ ಸುಲಭ, ಮನೇಲೇ ಕೂತು ಕಳಿಸಬಹುದು, ಅದೇ ಅದರ ತೊಂದರೆನೂ ಹೌದು. ಮೊದಲ ಮೂರಕ್ಕೆ ಫುಲ್ ಮೇಕಪ್ ಹಾಕಿ ತೆಗೆಸಿದ ಪೋರ್ಟ್‌ಫೋಲಿಯೋ ಫೋಟೋ ಕಳಿಸಿದೆ, ಒಬ್ರೂ ಉಸಿರೆತ್ತಲಿಲ್ಲ. ಆಮೇಲೆ ಗೊತ್ತಾಯ್ತು ಅವರಿಗೆ ಬೇಕಿರೋದು ಡಿಜಿಟಲ್ಸ್ ಅಂತ: ಕಿಟಕಿ ಬೆಳಕು, ಖಾಲಿ ಗೋಡೆ, ಮೇಕಪ್ ಇಲ್ಲ, ಕೂದಲು ಹಿಂದೆ ಕಟ್ಟಿರಬೇಕು, ಮೈಗಂಟೋ ಬಟ್ಟೆ, ಮುಖ ಎದುರಿಂದ ಒಂದು, ಪಕ್ಕದಿಂದ ಒಂದು, ತಲೆಯಿಂದ ಕಾಲಿನವರೆಗೆ ಒಂದು, ಫಿಲ್ಟರ್ ಮುಟ್ಟಂಗಿಲ್ಲ. ಫೋನ್ ಕ್ಯಾಮೆರಾ ಸಾಕು. ಹಂಗೆ ತೆಗೆದು ಉಳಿದ ನಾಲ್ಕಕ್ಕೆ ಕಳಿಸಿದೆ, ಎರಡರಿಂದ 'ಸದ್ಯಕ್ಕೆ ನಮಗೆ ಸರಿಹೊಂದಲ್ಲ' ಅನ್ನೋ ಎಲ್ರಿಗೂ ಕಳಿಸೋ ಮೇಲ್ ಬಂತು, ಇನ್ನೆರಡು ಸುಮ್ನೆ. ಎಷ್ಟೋ ಸೈಟಲ್ಲಿ ಇಂತಿಷ್ಟು ವಾರದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಇಲ್ಲ ಅಂತ ತಿಳ್ಕೊಳ್ಳಿ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತೆ, ನಾನು ಅದನ್ನ ಓದದೆ ಒಬ್ರಿಗೆ ಮೂರು ಸಲ ಫಾಲೋಅಪ್ ಹಾಕಿದೀನಿ, ಈಗ ನೆನೆಸ್ಕೊಂಡ್ರೆ ನಾಚಿಕೆ. ಯಾಕೆ ಬೇಡ ಅಂದ್ರು ಅನ್ನೋದು ಮಾತ್ರ ಫಾರ್ಮಲ್ಲಿ ಯಾವತ್ತೂ ಗೊತ್ತಾಗಲ್ಲ.

ಓಪನ್ ಕಾಲಲ್ಲಿ ಎರಡು ಗಂಟೆ ಕ್ಯೂ, ಒಳಗೆ ಮೂರು ನಿಮಿಷ. ಚಪ್ಪಲಿ ಬಿಚ್ಚಿಸಿ ಅವರೇ ಹೈಟ್ ಅಳೆದ್ರು, ನಾನು ಶೀಟಲ್ಲಿ 5 ಅಡಿ 8 ಅಂತ ಬರೆದಿದ್ದೆ, ಅಳೆದಾಕೆ ಏನೂ ಹೇಳದೆ ಹೊಡೆದುಹಾಕಿ ತಿದ್ದಿದ್ಲು, ಆ ಮೌನ ಸಾಕಾಗಿತ್ತು. ಸ್ವಲ್ಪ ನಡೆಸಿ ನೋಡಿ, 'ಫ್ಯಾಷನ್ ಆಗಲ್ಲ, ನಿನ್ನ ನಗುವಿಗೆ ಕಮರ್ಷಿಯಲ್ ಟ್ರೈ ಮಾಡು' ಅಂದ್ರು. ಎರಡು ದಿನ ಊಟ ಸೇರಲಿಲ್ಲ. ಆದ್ರೆ ಹನ್ನೊಂದರಲ್ಲಿ ಕೆಲಸಕ್ಕೆ ಬಂದಿದ್ದು ಇದೊಂದೇ ಮಾತು, ಯಾಕಂದ್ರೆ ಜಾಹೀರಾತು, ಕ್ಯಾಟಲಾಗ್ ಥರದ ಕಮರ್ಷಿಯಲ್ ಕೆಲಸಕ್ಕೆ ಹೈಟ್ ಅಷ್ಟು ಕಟ್ಟುನಿಟ್ಟಲ್ಲ. ಎರಡನೇ ಓಪನ್ ಕಾಲಿಗೆ ಕಮರ್ಷಿಯಲ್ ಅಂತ ಹೇಳ್ಕೊಂಡೇ ಹೋದೆ, ಎರಡು ವಾರಕ್ಕೆ ಮತ್ತೆ ಬಾ ಅಂತ ಫೋನ್ ಬಂತು.

ಡಿಎಂ ಬಗ್ಗೆ ಹೇಳೋದು ಕಮ್ಮಿ. ಒಂದು ಕಡೆ ಮೆಸೇಜ್ ನೋಡೇ ಇಲ್ಲ. ಇನ್ನೊಂದು ಕಡೆ ಇಪ್ಪತ್ತೇ ನಿಮಿಷದಲ್ಲಿ 'ಸೂಪರ್ ಲುಕ್, ಸೆಲೆಕ್ಟ್ ಆಗಿದೀರಿ', ಅದರ ಹಿಂದೇನೇ ರಿಜಿಸ್ಟ್ರೇಷನ್ ಫೀಸು, ಅವರದೇ ಫೋಟೋಗ್ರಾಫರ್ ಪ್ಯಾಕೇಜು, ಇವತ್ತೇ ಕಟ್ಟಬೇಕು ಅನ್ನೋ ಒತ್ತಾಯ ಬೇರೆ. ಏಜೆನ್ಸಿ ದುಡಿಯೋದು ನಾವು ದುಡಿದಾಗ ತಗೊಳ್ಳೋ ಕಮಿಷನ್‌ನಿಂದ ಅಲ್ವಾ, ಅದಕ್ಕೇ ಫೀಸನ್ನ ಮೊದಲ ಕೆಲಸದ ದುಡ್ಡಲ್ಲಿ ಹಿಡ್ಕೊಳ್ಳಿ ಅಂತ ಕೇಳಿದೆ. ಬ್ಲಾಕ್! ಇನ್‌ಸ್ಟಾದಲ್ಲಿ ಏಜೆನ್ಸಿ ಪರವಾಗಿ ಹೊಸ ಮುಖ ಹುಡುಕೋ ಅಸಲಿ ಸ್ಕೌಟ್‌ಗಳೂ ಇದಾರೆ, ಅದಕ್ಕೆ ಮೆಸೇಜ್ ಬಂದ್ರೆ ಏಜೆನ್ಸಿಯ ವೆಬ್‌ಸೈಟಲ್ಲಿರೋ ನಂಬರಿಗೇ ಫೋನ್ ಮಾಡಿ ಇವರು ನಿಮ್ಮವರೇನಾ ಅಂತ ಕೇಳಿ.

ಮತ್ತೆ ಕರೆದವರು ಕಾಂಟ್ರಾಕ್ಟ್ ಕೊಟ್ಟಾಗ ಖುಷೀಲಿ ಅಲ್ಲೇ ಸೈನ್ ಹಾಕೋಕೆ ಕೈ ತುರಿಸ್ತಿತ್ತು, ತಡ್ಕೊಂಡು ಒಂದು ವಾರ ಟೈಮ್ ಕೇಳಿದೆ, ಬೇಜಾರಿಲ್ದೆ ಕೊಟ್ರು. ಕಮಿಷನ್ 20 ಪರ್ಸೆಂಟ್, ಬೇರೆ ಏಜೆನ್ಸಿ ಜೊತೆಗೂ ಕೆಲಸ ಮಾಡಬಹುದಾ, ಎಷ್ಟು ವರ್ಷ, ಮಧ್ಯದಲ್ಲಿ ಬಿಡಬೇಕಂದ್ರೆ ಎಷ್ಟು ಮೊದಲೇ ಹೇಳಬೇಕು, ಇಷ್ಟನ್ನ ಗೊತ್ತಿರೋ ಲಾಯರ್ ಹತ್ರ ಓದಿಸಿದೆ. ಎಕ್ಸ್‌ಕ್ಲೂಸಿವ್ ಅಲ್ಲ, ಅಂದ್ರೆ ಬೇರೆ ಏಜೆನ್ಸಿ ಜೊತೆಗೂ ಕೆಲಸ ಮಾಡಬಹುದು, ಹಾಗಾಗಿ ಸೈನ್ ಹಾಕಿದೆ. ಮೇಕಪ್ ಫೋಟೋ ಕಳಿಸಿ ಕೆಡಿಸ್ಕೊಂಡ ಆ ಮೂರು ಕಡೆ ಕಮರ್ಷಿಯಲ್‌ಗೆ ಅಂತ ಮತ್ತೆ ಫಾರ್ಮ್ ಹಾಕ್ತಿದೀನಿ, ಈ ಸಲ 5 ಅಡಿ 7 ಅಂತಲೇ ಬರೆದು.