ಚಿತ್ರದುರ್ಗದ ಕೋಟೆಗೆ ಹೋದರೆ ಗೈಡ್ ತಗೊಳ್ಳಿ

ಇದು ಮೂರನೇ ಸಲ ದುರ್ಗಕ್ಕೆ ಹೋಗಿದ್ದು. ಹಿಂದೆ ಎರಡು ಸಲ, ಗೈಡ್ ಯಾಕೆ, ಬೋರ್ಡ್ ಇರುತ್ತಲ್ಲ ಅಂತ ಸುಮ್ನೆ ಹತ್ತಿ, ಓಬವ್ವನ ಕಿಂಡಿ ಮುಂದೆ ಫೋಟೊ ತೆಗೆಸಿಕೊಂಡು ಇಳಿದು ಬಂದಿದ್ದೆವು. ಈ ಸಲ ಅತ್ತೆ ಬಿಡಲಿಲ್ಲ. ಬಾಗಿಲ ಹತ್ತಿರವೇ ಒಬ್ಬರನ್ನು ಮಾತಾಡಿಸಿ ಕರೆದುಕೊಂಡೆವು. ದುಡ್ಡು ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ, ಆಮೇಲೆ ಜಗಳ ಬೇಡ.

ಏಳು ಸುತ್ತಿನ ಕೋಟೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಬಾಗಿಲುಗಳನ್ನು ಗಮನಿಸಿ. ಒಂದು ದಾಟಿದರೆ ಇನ್ನೊಂದು ಎದುರಿಗೆ ಕಾಣಿಸುವುದಿಲ್ಲ, ದಾರಿ ಪಕ್ಕಕ್ಕೆ ತಿರುಗಿಬಿಡುತ್ತದೆ. ಆನೆ ಬಂದು ಬಾಗಿಲಿಗೆ ಗುದ್ದಬೇಕಾದರೆ ಓಡಿ ಬರೋಕೆ ಜಾಗ ಬೇಕಲ್ವಾ, ಆ ಜಾಗವನ್ನೇ ಬಿಟ್ಟಿಲ್ಲ. ಪಕ್ಕದ ಬಂಡೆಯಲ್ಲಿ ಸಾಲಾಗಿ ಗುಳಿಗಳಿದ್ದವು. "ಕೈ ಇಟ್ಟು ನೋಡಿ ಅಮ್ಮ, ಕಲ್ಲು ಸೀಳಿದ ಗುರುತು" ಅಂದರು. ಬೆರಳು ಸರಿಯಾಗಿ ಒಳಗೆ ಹೋಗುತ್ತದೆ.

ನನಗೆ ತುಂಬ ಹಿಡಿಸಿದ್ದು ನೀರಿನ ಲೆಕ್ಕ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬಂದು, ಅದು ತುಂಬಿದ ಮೇಲೆ ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಊರಿನ ಹೊಂಡಗಳವರೆಗೂ ಹೋಗುವ ಹಾಗೆ ಮಾಡಿದ್ದಾರೆ. ಇಷ್ಟು ಬಿಸಿಲಿನ ಸೀಮೆಯಲ್ಲಿ, ಬರೀ ಬಂಡೆಯ ಮೇಲೆ! ಪಾಳೇಗಾರರು ಹೈದರಾಲಿಗೆ ಸುಲಭಕ್ಕೆ ಬಗ್ಗದೇ ಇದ್ದದ್ದಕ್ಕೆ ಗೋಡೆಗಿಂತ ಈ ಹೊಂಡಗಳೇ ಜಾಸ್ತಿ ಕಾರಣ ಅಂತ ನನಗೆ ಅನಿಸಿತು. ಕೊನೆಗೆ 1779ರಲ್ಲಿ ಕೋಟೆ ಅವನ ಕೈಸೇರಿತು, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು.

ಓಬವ್ವನ ಕಥೆ ಕೂಡ ನೀರಿನಿಂದಲೇ ಶುರು, ನಾನು ಯೋಚಿಸಿರಲಿಲ್ಲ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ಕುಡಿಯೋಕೆ ನೀರಿಲ್ಲ, ತರೋಕೆ ಅಂತ ತಣ್ಣೀರು ದೋಣಿಗೆ (ಬಂಡೆಯಲ್ಲಿ ನೀರು ನಿಲ್ಲುವ ಪುಟ್ಟ ಹೊಂಡ) ಹೋದವಳಿಗೆ ಕಿಂಡಿಯಲ್ಲಿ ಸದ್ದು ಕೇಳಿಸಿತು. ದೋಣಿ ಮತ್ತು ಕಿಂಡಿ ಎಷ್ಟು ಹತ್ತಿರ ಇವೆ ಅಂತ ಅಲ್ಲಿ ನಿಂತಾಗಲೇ ಗೊತ್ತಾಗೋದು. ಕಿಂಡಿಯಲ್ಲಿ ಒಬ್ಬರೇ, ಅದೂ ಬಗ್ಗಿ ನುಸುಳಬೇಕು. ನಮ್ಮ ಮಗನಿಗೆ ಅದೇ ಆಟ, ನಾಲ್ಕು ಸಲ ಒಳಗೆ ಹೋಗಿ ಬಂದ.

ತಪ್ಪು ನಮ್ಮದೂ ಇದೆ. ನಾಲ್ಕು ಜನಕ್ಕೆ ಒಂದೇ ಬಾಟ್ಲಿ ನೀರು ಒಯ್ದಿದ್ದೆವು, ಅರ್ಧ ದಾರಿಗೇ ಖಾಲಿ. ಕೆಳಗೆ ಒಂದು ಅಂಗಡಿಯಲ್ಲಿ ಎಂಆರ್‌ಪಿಗಿಂತ ಹತ್ತು ರೂಪಾಯಿ ಜಾಸ್ತಿ ತಗೊಂಡರು, ಕೇಳಿದರೆ "ಕೂಲಿಂಗ್ ಚಾರ್ಜ್" ಅಂತೆ. ಬೆಳಿಗ್ಗೆ ಬೇಗ ಹೋಗಿ, ಒಳ್ಳೆ ಚಪ್ಪಲಿ ಹಾಕಿಕೊಳ್ಳಿ.

ಗೈಡ್‌ಗೆ ಐದಕ್ಕೆ ನಾಲ್ಕೂವರೆ. ಸಿಡಿಮದ್ದು ಬೀಸುವ ಕಲ್ಲುಗಳನ್ನು ನಿಧಾನವಾಗಿ ತೋರಿಸಿದವರು, ಅರಮನೆಯ ಮಣ್ಣಿನ ಗೋಡೆಗಳ ಹತ್ತಿರ ಮಾತ್ರ ಯಾಕೋ ಅವಸರ ಮಾಡಿದರು. ಇಷ್ಟು ವರ್ಷ ಮಳೆಗೆ ಕರಗದೆ ನಿಂತ ಮಣ್ಣು ಅದು, ಅತ್ತೆ ಇನ್ನೂ ಅಲ್ಲೇ ಮುಟ್ಟಿ ನೋಡುತ್ತಾ ನಿಂತಿದ್ದರು.