ಬೆರಳು ಯೋಜನೆ, ಒಂದೇ ಟಿಕೆಟ್, ಉಚಿತ ಪ್ರಯಾಣ: ಎಲ್ಲಿಗೆ ಯಾವುದು?

ಸುಸ್ಥಿರ ಸಾರಿಗೆಗೆ ಯುರೋಪಿನ ಯಾವ ಪ್ರಾದೇಶಿಕ ನೀತಿ ಮಾದರಿಯಾಗಬಹುದೆಂದು ಕೇಳಿದ್ದೀರಿ. ಬಾಳಿಕೆಯನ್ನು ನೋಡಿದರೆ, ರೈಲು ಮಾರ್ಗಗಳ ಉದ್ದಕ್ಕೆ ನಗರವನ್ನು ಬೆರಳುಗಳಂತೆ ಬೆಳೆಸಿ ನಡುವಿನ ಹಸಿರನ್ನು ಕಾಯ್ದಿಡುವ ಕೋಪನ್‌ಹೇಗನ್ನಿನ 1947ರ ‘ಬೆರಳು ಯೋಜನೆ’ಯೇ ಗಟ್ಟಿ. ದೊಡ್ಡ ಕಚೇರಿಗಳು ನಿಲ್ದಾಣದಿಂದ 600 ಮೀಟರಿನೊಳಗಿರಬೇಕೆಂಬ ನಿಯಮ ಮುಂದೆ ಅದಕ್ಕೆ ಬಲ ತುಂಬಿತು. ಆದರೆ ಫಲಕ್ಕೆ ದಶಕಗಳು ಬೇಕಾದ್ದರಿಂದ, ಇದು ಇನ್ನೂ ಬೆಳೆಯುತ್ತಿರುವ ಪ್ರದೇಶಕ್ಕೇ ಹೆಚ್ಚು ಸೂಕ್ತ.

ಈಗಾಗಲೇ ಹರಡಿಕೊಂಡ ಊರುಗಳಿಗೆ ಜ್ಯೂರಿಕ್ ದಾರಿಯೇ ಹತ್ತಿರ. ಅಲ್ಲಿ 1990ರಿಂದ ರೈಲು, ಟ್ರಾಮ್, ಬಸ್ಸು, ಸರೋವರದ ದೋಣಿಗಳಿಗೂ ಒಂದೇ ಟಿಕೆಟ್ ಸಾಲುತ್ತದೆ. ರೈಲಿಳಿದವರಿಗೆ ಬಸ್ಸು ಸಿಗುವಂತೆ ವೇಳಾಪಟ್ಟಿ ಹೊಂದಿಸಲಾಗಿದೆ. ಪ್ರಯಾಣಿಕರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲವೆಂದೇ ನನ್ನ ಅಭಿಪ್ರಾಯ, ಆದರೆ ಸಂಸ್ಥೆಗಳೆಲ್ಲ ಒಪ್ಪಿ ನಡೆಯಬೇಕು.

ಲಕ್ಸೆಂಬರ್ಗ್ 2020ರಲ್ಲಿ ದೇಶದಾದ್ಯಂತ ಸಾರ್ವಜನಿಕ ಸಾರಿಗೆಯ ಎರಡನೇ ದರ್ಜೆಯ ಪ್ರಯಾಣವನ್ನು ಉಚಿತಗೊಳಿಸಿತು. ಬೇಗ ಜಾರಿಯಾಗುವ ಈ ಕ್ರಮ, ಟಿಕೆಟ್ ಆದಾಯದ ನಷ್ಟವನ್ನು ಬೊಕ್ಕಸವೇ ಭರಿಸಬಲ್ಲ, ಸೇವೆಯೂ ಈಗಾಗಲೇ ದಟ್ಟವಾಗಿರುವ ನಾಡಿಗೆ ಒಗ್ಗುತ್ತದೆ.