ಟ್ರೇಲರ್ ಎಳೆಯಲು ಫೋರ್ಡ್ ಎಫ್-150 ಪಿಕಪ್ ಸಾಕಾ, ಎಫ್-250 ಬೇಕಾ?

ಅಮೆರಿಕದಲ್ಲಿ 7,000 ಪೌಂಡಿನ, ಒಳಗೆ ಮಲಗಿ ಉಳಿಯಬಹುದಾದ ಟ್ರಾವೆಲ್ ಟ್ರೇಲರ್‌ಗೆ ಪಿಕಪ್ ಹುಡುಕುತ್ತಿದ್ದೀರಾ? ಜಾಹೀರಾತಿನಲ್ಲಿ ಹೇಳುವ ಎಳೆಯುವ ಸಾಮರ್ಥ್ಯ ಬಿಡಿ, ಮೊದಲು ಮುಗಿದುಹೋಗುವುದು ಸಾಮಾನ್ಯವಾಗಿ ಪೇಲೋಡ್, ಅಂದರೆ ಗಾಡಿ ತನ್ನ ಮೇಲೆ ಹೊರಬಹುದಾದ ತೂಕ. ಟ್ರೇಲರ್ ತೂಕದ ಶೇಕಡಾ 10ರಿಂದ 15 ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತದೆ, ಅಂದರೆ 700ರಿಂದ 1,050 ಪೌಂಡ್, ಅದಕ್ಕೆ ಮನೆಮಂದಿ, ಸಾಮಾನು, ಹಿಚ್‌ನ ಸ್ವಂತ ತೂಕ ಎಲ್ಲ ಸೇರಿದರೆ 1,500 ಪೌಂಡ್ ಪೇಲೋಡಿನ ಎಫ್-150 ಅಂಚಿಗೆ ಬಂದೇ ಬಿಡುತ್ತದೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಪೇಲೋಡ್ ಎಷ್ಟೆಂದು ಓದಿ. ಒಂದೇ ಮಾಡೆಲ್ ಆದರೂ ಗಾಡಿಯಿಂದ ಗಾಡಿಗೆ ಅಂಕಿ ಬೇರೆ.

ಎಫ್-250 ಹೊರೆಗೆ ಗಟ್ಟಿ, ಪಕ್ಕದಲ್ಲಿ ದೊಡ್ಡ ಟ್ರಕ್ ಹೋದಾಗ ಅಷ್ಟು ಅಲ್ಲಾಡುವುದಿಲ್ಲ. ಖಾಲಿ ಓಡಿಸುವಾಗ ಮಾತ್ರ ಕುಲುಕಾಟ ಜಾಸ್ತಿ, ಬೆಲೆಯೂ ಜಾಸ್ತಿ. ಡೀಸೆಲ್ ಎಂಜಿನ್ ಭಾರ, ಅದೂ ಪೇಲೋಡ್ ತಿನ್ನುತ್ತದೆ. 5,000 ಪೌಂಡಿನೊಳಗಿನ ಟ್ರೇಲರ್ ಆದರೆ ಎಫ್-150 ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. 7,000 ಪೌಂಡ್ ಕಟ್ಟಿಕೊಂಡು ರಾಕಿ ಬೆಟ್ಟ ಹತ್ತಿ ಇಳಿಯುವವರಿಗೆ ನಾನು ಎಫ್-250 ಅಂತಲೇ ಹೇಳುತ್ತೇನೆ.